ಯುದ್ಧದ ರೈಲು, ಅದನ್ನು ಓಡಿಸಿದ ಸೈನಿಕರು: ಪದೇ ಪದೇ ಕೇಳುವ ಪ್ರಶ್ನೆಗಳು

ರೈಲು, ಸೈನ್ಯ ಎರಡರ ಮೇಲೂ ಆಸಕ್ತಿ ಇರುವವರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ. ಅಲ್ಲಿ ಹೇಳೋದು ಜಾಸ್ತಿ ಇದೆ.

ಮಿಲಿಟರಿ ರೈಲ್ವೆ ಅಂದರೆ ಸೈನಿಕರನ್ನು ಸಾಗಿಸುವ ರೈಲಾ?

ಅಲ್ಲ. ಆ ಕೆಲಸವನ್ನು ಎಲ್ಲ ದೇಶದ ಮಾಮೂಲಿ ರೈಲ್ವೆಯೂ ಮಾಡುತ್ತದೆ. ಇಲ್ಲಿ ರೈಲ್ವೆಯೇ ಸೈನ್ಯದ ಕೈಯಲ್ಲಿರುತ್ತದೆ. ಹೊಸ ಹಳಿ ಹಾಕಿಯೋ, ಇದ್ದ ಹಳಿಯನ್ನು ವಶಕ್ಕೆ ತಗೊಂಡೋ, ಡ್ರೈವರ್, ಫೈರ್‌ಮನ್, ಸ್ಟೇಷನ್ ಮಾಸ್ಟರ್, ಗ್ಯಾಂಗ್‌ಮನ್ ಎಲ್ಲರನ್ನೂ ಸೈನ್ಯವೇ ಇಟ್ಟುಕೊಂಡು ಓಡಿಸುತ್ತದೆ. ಕೆಲವು ಕಡೆ ಇವರಿಗೆ ಸಮವಸ್ತ್ರ ಇತ್ತು, ಕೆಲವು ಕಡೆ ಇರಲಿಲ್ಲ. ಕೆಲಸ ಮಾತ್ರ ಒಂದೇ.

ಇದು ಶುರುವಾಗಿದ್ದು ಯಾವಾಗ?

ರಷ್ಯಾ ತನ್ನ ರೈಲ್ವೆ ಪಡೆಯ ಹುಟ್ಟಿದ ವರ್ಷ 1851 ಅನ್ನುತ್ತದೆ. ಸೇಂಟ್ ಪೀಟರ್ಸ್‌ಬರ್ಗ್–ಮಾಸ್ಕೋ ಮಾರ್ಗ ತೆರೆಯುವ ಹೊತ್ತಿಗೆ ಅದನ್ನು ಕಾಯಲು, ರಿಪೇರಿ ಮಾಡಲು ಅಂತಲೇ ಸೈನಿಕ ತುಕಡಿಗಳನ್ನು ಮಾಡಿದರು. ಆದರೆ ಯುದ್ಧದ ನಡುವೆಯೇ, ಯುದ್ಧಕ್ಕೆಂದೇ ಹಾಕಿದ ಹಳಿ ಅಂದರೆ ಎಲ್ಲರೂ 1855ರ ಕ್ರಿಮಿಯಾವನ್ನೇ ಹೇಳುತ್ತಾರೆ. ಬ್ರಿಟನ್, ಫ್ರಾನ್ಸ್ ಸೇರಿ ರಷ್ಯಾ ವಿರುದ್ಧ ಹೋರಾಡಿದ ಜಾಗ ಅದು.

ಅಲ್ಲಿ ಬ್ರಿಟಿಷ್ ಸೈನ್ಯದ ಕಥೆ ನಿಜಕ್ಕೂ ದುಃಖದ್ದು. ಬಾಲಕ್ಲಾವಾ ಬಂದರಿನಲ್ಲಿ ಹಡಗು ತುಂಬಾ ಸಾಮಾನು ಬಂದು ನಿಂತಿತ್ತು. ಕೆಲವೇ ಮೈಲಿ ಆಚೆ, ಸೆವಾಸ್ಟೊಪೋಲ್ ಮುಂದಿನ ಗುಡ್ಡದ ಮೇಲೆ, ಸೈನಿಕರು ಚಳಿಗೆ ಹಸಿವಿಗೆ ಸಾಯುತ್ತಿದ್ದರು. ನಡುವೆ ಇದ್ದದ್ದು ಕೆಸರು. ಕುದುರೆಗಳು ಅದರಲ್ಲೇ ಹೂತು ಸತ್ತವು. ಆಗ ಪೀಟೋ, ಬ್ರಾಸಿ, ಬೆಟ್ಸ್ ಅನ್ನುವ ಇಂಗ್ಲೆಂಡಿನ ಗುತ್ತಿಗೆದಾರರು ಲಾಭ ಬೇಡ, ಖರ್ಚು ಕೊಟ್ಟರೆ ಸಾಕು ಅಂತ ಮುಂದೆ ಬಂದರು. ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಸುಮಾರು 7 ವಾರದಲ್ಲಿ ಸುಮಾರು 7 ಮೈಲಿ ಹಳಿ ಮೇಲಿನ ಶಿಬಿರ ಮುಟ್ಟಿತು. ಏರಿನಲ್ಲಿ ವ್ಯಾಗನ್ ಎಳೆಯಲು ಒಂದೇ ಕಡೆ ನಿಂತು ಹಗ್ಗ ಸುತ್ತುವ ಉಗಿಯಂತ್ರ, ಉಳಿದ ಕಡೆ ಜಾಸ್ತಿ ಕುದುರೆಗಳೇ. ವಾಪಸ್ ಬರುವಾಗ ಅದೇ ವ್ಯಾಗನ್‌ಗಳಲ್ಲಿ ರೋಗಿಗಳನ್ನು, ಗಾಯಾಳುಗಳನ್ನು ಬಂದರಿಗೆ ಇಳಿಸಿದರು.

ಎಲ್ಲರೂ ಅಮೆರಿಕದ ಅಂತರ್ಯುದ್ಧವನ್ನೇ ಯಾಕೆ ಉದಾಹರಣೆ ಕೊಡುತ್ತಾರೆ?

ರೈಲು ಇಲ್ಲದಿದ್ದರೆ ಆ ಯುದ್ಧವನ್ನು ಆ ರೀತಿ ನಡೆಸೋದೇ ಆಗುತ್ತಿರಲಿಲ್ಲ, ಅದಕ್ಕೆ. 1862ರ ಜನವರಿ ಕೊನೆಗೆ ಅಮೆರಿಕದ ಸಂಸತ್ತು ರೈಲ್ವೆಗಳನ್ನು ವಶಕ್ಕೆ ತಗೊಳ್ಳುವ ಅಧಿಕಾರವನ್ನು, ದಕ್ಷಿಣದ ಬಂಡಾಯ ರಾಜ್ಯಗಳ ವಿರುದ್ಧ ಉತ್ತರದ ಕಡೆಯಿಂದ ಯುದ್ಧ ನಡೆಸುತ್ತಿದ್ದ ಅಧ್ಯಕ್ಷ ಲಿಂಕನ್‌ಗೆ ಕೊಟ್ಟಿತು. ಫೆಬ್ರವರಿಯಲ್ಲಿ ಡೇನಿಯಲ್ ಮೆಕಲಮ್ ಅನ್ನುವ ಅನುಭವಿ ರೈಲ್ವೆ ಮನುಷ್ಯನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಯುನೈಟೆಡ್ ಸ್ಟೇಟ್ಸ್ ಮಿಲಿಟರಿ ರೈಲ್‌ರೋಡ್ಸ್ ಹುಟ್ಟಿದ್ದು ಹೀಗೆ. ಯುದ್ಧ ಮುಗಿಯುವಾಗ ಅದರ ಲೆಕ್ಕದಲ್ಲಿ 2,105 ಮೈಲಿ ಹಳಿ, 419 ಎಂಜಿನ್, 6,330 ವ್ಯಾಗನ್ ಇದ್ದವು. ಆ ಕಾಲಕ್ಕೆ ಜಗತ್ತಿನ ದೊಡ್ಡ ರೈಲ್ವೆಗಳಲ್ಲಿ ಅದೂ ಒಂದು.

1864ರಲ್ಲಿ ಉತ್ತರದ ಜನರಲ್ ಶರ್ಮನ್ ದಕ್ಷಿಣದ ಅಟ್ಲಾಂಟಾ ಕಡೆ ಹೋದಾಗ ಅವನ ಹಿಂದೆ ಇದ್ದದ್ದು ಲೂಯಿವಿಲ್‌ನಿಂದ ಬರುವ 473 ಮೈಲಿಯ ಒಂಟಿ ಹಳಿ. ಅದರ ಮೇಲೆ 1 ಲಕ್ಷ ಜನ, 35,000 ಪ್ರಾಣಿಗಳು 196 ದಿನ ಬದುಕಿದವು. ಇದನ್ನೇ ಗಾಡಿಯಲ್ಲಿ ಸಾಗಿಸಬೇಕಿದ್ದರೆ ಆರಾರು ಹೇಸರಗತ್ತೆ ಕಟ್ಟಿದ 36,800 ಗಾಡಿ ಬೇಕಾಗುತ್ತಿತ್ತು, ಅಲ್ಲಿನ ರಸ್ತೆಗಳಲ್ಲಿ ಅದು ಆಗದ ಮಾತು ಅಂತ ಶರ್ಮನ್ನನೇ ಲೆಕ್ಕ ಹಾಕಿ ಬರೆದಿದ್ದಾನೆ.

ಹರ್ಮನ್ ಹಾಪ್ಟ್ ಯಾರು?

ಈ ಇಡೀ ಇತಿಹಾಸದಲ್ಲಿ ಒಬ್ಬನನ್ನು ಮಾತ್ರ ಓದಿ ಅಂದರೆ ನಾನು ಇವನ ಹೆಸರು ಹೇಳುತ್ತೇನೆ. ಸೈನಿಕ ಶಾಲೆಯಲ್ಲಿ ಓದಿ, ಆಮೇಲೆ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನಲ್ಲಿ ಬೆಳೆದ ಎಂಜಿನಿಯರ್. 1862ರ ಮೇ ತಿಂಗಳಲ್ಲಿ ವರ್ಜೀನಿಯಾದ ಪೊಟೊಮ್ಯಾಕ್ ಕ್ರೀಕ್ ಮೇಲೆ ಸುಮಾರು 400 ಅಡಿ ಉದ್ದ, 80 ಅಡಿಗೂ ಜಾಸ್ತಿ ಎತ್ತರದ ಮರದ ಸೇತುವೆ ಕಟ್ಟಿಸಿದ. ಕೆಲಸಕ್ಕೆ ಸಿಕ್ಕಿದವರು ಬಡಗಿ ಕೆಲಸ ಗೊತ್ತಿಲ್ಲದ ಕಾಲಾಳುಗಳು. ಮರ ಅಕ್ಕಪಕ್ಕದ ಕಾಡಿನದ್ದು, ತೊಗಟೆ ಕೂಡ ತೆಗೆದಿರಲಿಲ್ಲ. ಹೆಚ್ಚುಕಡಿಮೆ 9 ದಿನದ ಕೆಲಸ. ಲಿಂಕನ್ ಬಂದು ನೋಡಿ, ತುಂಬಿದ ರೈಲುಗಳು ಗಂಟೆಗೊಂದು ಓಡುತ್ತಿರುವ ಆ ಸೇತುವೆಯಲ್ಲಿ ಹುರುಳಿ ಬಳ್ಳಿಗೆ ಊರುವ ಕೋಲು, ಜೋಳದ ದಂಟು ಬಿಟ್ಟರೆ ಇನ್ನೇನೂ ಇಲ್ಲ ಅಂತ ಆಶ್ಚರ್ಯಪಟ್ಟ.

ಆದರೆ ಹಾಪ್ಟ್‌ನ ದೊಡ್ಡ ಕೆಲಸ ಸೇತುವೆ ಅಲ್ಲ. ರೈಲು ಯಾರ ಮಾತು ಕೇಳಬೇಕು ಅನ್ನುವ ಜಗಳವನ್ನು ಅವನು ಗೆದ್ದ. ಸೇನಾಧಿಕಾರಿಗಳಿಗೆ ರೈಲು ಅಂದರೆ ಕರೆದಾಗ ಬರಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು. ವ್ಯಾಗನ್ ಖಾಲಿ ಮಾಡದೆ ಅದನ್ನೇ ಗೋದಾಮು ಮಾಡಿಕೊಳ್ಳುತ್ತಿದ್ದರು. 1862ರ ಆಗಸ್ಟ್‌ನಲ್ಲಿ, ಬುಲ್ ರನ್ ಬಳಿ ಎರಡನೇ ಯುದ್ಧದ ಹೊತ್ತಿಗೆ, ಸ್ಟರ್ಜಿಸ್ ಅನ್ನುವ ಜನರಲ್ ತನ್ನ ಪಡೆಯನ್ನೇ ಮೊದಲು ಸಾಗಿಸಬೇಕು ಅಂತ ಹಳಿಯನ್ನು ವಶಕ್ಕೆ ತಗೊಂಡು ರೈಲುಗಳನ್ನು ತಡೆದ. ಒಂಟಿ ಹಳಿಯಲ್ಲಿ ಒಂದು ರೈಲು ನಿಂತರೆ ಹಿಂದಿನದ್ದೂ ಮುಂದಿನದ್ದೂ ಎಲ್ಲ ನಿಂತ ಹಾಗೆ. ಗಾಯಾಳುಗಳನ್ನು ತರುವ ರೈಲು ಕೂಡ ಸಿಕ್ಕಿಹಾಕಿಕೊಂಡಿತು.

ಅದೇ ವರ್ಷ ನವೆಂಬರ್‌ನಲ್ಲಿ ಯುದ್ಧ ಇಲಾಖೆ ಖಡಕ್ಕಾಗಿ ಆದೇಶ ಹೊರಡಿಸಿತು. ಎಷ್ಟೇ ದೊಡ್ಡ ಅಧಿಕಾರಿಯಾಗಲಿ, ರೈಲ್ವೆ ಸೂಪರಿಂಟೆಂಡೆಂಟ್ ಹೇಳಿದಂತೆ ಓಡುವ ರೈಲಿಗೆ ಕೈ ಹಾಕಿದರೆ ಕೆಲಸದಿಂದ ವಜಾ. ಮುಂದೆ ಎಲ್ಲ ದೇಶದ ಸೈನ್ಯಗಳೂ ಇದೇ ಪಾಠವನ್ನು ಹೊಡೆತ ತಿಂದು ಕಲಿತವು.

ಹಾಪ್ಟ್ ಬರೆದಿಟ್ಟಿರುವ ಇನ್ನೊಂದು ತೊಂದರೆ ನನಗೆ ತುಂಬಾ ನೆನಪಿರುವಂಥದ್ದು. ಸೈನಿಕರು ಹೊಳೆಯಲ್ಲಿ ಸೋಪು ಹಚ್ಚಿ ಸ್ನಾನ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಅದೇ ಹೊಳೆಯಿಂದ ಎಂಜಿನ್‌ಗೆ ನೀರು ತುಂಬುವುದು. ಸೋಪು ನೀರು ಬಾಯ್ಲರ್‌ನಲ್ಲಿ ನೊರೆಯಾಗಿ ಉಕ್ಕಿ, ಉಗಿಯ ಜೊತೆ ನೀರೂ ಸಿಲಿಂಡರ್‌ಗೆ ನುಗ್ಗಿ, ಎಂಜಿನ್ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಯುದ್ಧಭೂಮಿಗೆ ಮದ್ದುಗುಂಡು ಹೋಗಲಿಲ್ಲ ಅಂದರೆ ಕಾರಣ ಶತ್ರುವೇ ಆಗಬೇಕಿಲ್ಲ.

ಗೆಟ್ಟಿಸ್‌ಬರ್ಗ್‌ನಲ್ಲಿ ರೈಲಿನ ಪಾತ್ರ ಏನು?

ಗೆಟ್ಟಿಸ್‌ಬರ್ಗ್ ಅಂದರೆ ಅದೇ ಅಂತರ್ಯುದ್ಧದ ಒಂದು ದೊಡ್ಡ ಕದನ ನಡೆದ ಊರು. 1863ರ ಜುಲೈನಲ್ಲಿ ಅಲ್ಲಿ ಉತ್ತರದ ಸೈನ್ಯಕ್ಕೆ ಹತ್ತಿರ ಇದ್ದದ್ದು ವೆಸ್ಟ್‌ಮಿನ್‌ಸ್ಟರ್‌ವರೆಗಿನ 29 ಮೈಲಿಯ ಒಂಟಿ ಹಳಿ. ಟೆಲಿಗ್ರಾಫ್ ಇಲ್ಲ, ಎದುರು ರೈಲಿಗೆ ಜಾಗ ಬಿಡಲು ಸರಿಯಾದ ಸೈಡಿಂಗ್ ಇಲ್ಲ, ನೀರಿನ ತೊಟ್ಟಿ ಸಾಲದು. ಹಾಪ್ಟ್ ಐದೈದು ರೈಲುಗಳ ಗುಂಪು ಮಾಡಿದ. ಒಂದು ಗುಂಪು ಹೋಗಿ, ಖಾಲಿ ಮಾಡಿ, ಐದೂ ವಾಪಸ್ ಬಂದ ಮೇಲೆ ಇನ್ನೊಂದು ಗುಂಪು. ದಿನಕ್ಕೆ ಮೂರು ಸಲ. ಎಂಜಿನ್‌ಗೆ ಹೊಳೆಯಿಂದ ಬಕೆಟ್‌ನಲ್ಲಿ ನೀರು ಹೊತ್ತರು. ದಿನಕ್ಕೆ 1,500 ಟನ್ ಸಾಮಾನು ಹೋಗುವ ಏರ್ಪಾಡಾಯಿತು. ಬರುವಾಗ ಸಾವಿರಾರು ಗಾಯಾಳುಗಳು ಬಂದರು. ಇದರಲ್ಲಿ ಹೊಸ ಯಂತ್ರ ಒಂದೂ ಇಲ್ಲ, ಬರೀ ತಲೆ ಇದೆ.

ಆ ರೈಲು ಓಡಿಸಿದವರು ನಿಜವಾಗಿ ಸೈನಿಕರಾ?

ಅಮೆರಿಕದಲ್ಲಿ ಬಹುತೇಕ ಅಲ್ಲ. ಡ್ರೈವರ್, ಬ್ರೇಕ್‌ಮನ್‌ಗಳು ಸಂಬಳಕ್ಕೆ ಬಂದ ನಾಗರಿಕರು. ಕಟ್ಟುವ ದಳದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಕಪ್ಪು ಜನ ಇದ್ದರು. ಇವರ ದುಡಿಮೆಯನ್ನು ಹಾಪ್ಟ್ ಹೊಗಳಿ ಬರೆದಿದ್ದಾನೆ, ಆದರೆ ಅವರ ಹೆಸರುಗಳು ಚರಿತ್ರೆಯ ಪುಟಕ್ಕೆ ಬರಲಿಲ್ಲ. ಹಾಪ್ಟ್ ಕೂಡ ಬ್ರಿಗೇಡಿಯರ್ ಜನರಲ್ ಪದವಿಯನ್ನು ಷರತ್ತಿಲ್ಲದೆ ಒಪ್ಪಲಿಲ್ಲ, 1863ರ ಸೆಪ್ಟೆಂಬರ್‌ನಲ್ಲಿ ಬಿಟ್ಟು ಹೋದ.

ಶತ್ರುವಿನ ಹಳಿಯನ್ನು ಹಾಳು ಮಾಡುವುದು ಹೇಗೆ? ಕಿತ್ತು ಬಿಸಾಡಿದರೆ ಸಾಲದಾ?

ಸಾಲದು. ಕಿತ್ತ ಹಳಿಯನ್ನು ಎರಡೇ ದಿನದಲ್ಲಿ ಮತ್ತೆ ಜೋಡಿಸುತ್ತಾರೆ. ಶರ್ಮನ್ನನ ಸೈನಿಕರು ಮರದ ಸ್ಲೀಪರ್‌ಗಳನ್ನು (ಹಳಿಯ ಕೆಳಗೆ ಅಡ್ಡ ಹಾಕುವ ತೊಲೆ) ರಾಶಿ ಹಾಕಿ ಬೆಂಕಿ ಕೊಟ್ಟು, ಮೇಲೆ ಹಳಿ ಇಟ್ಟು, ನಡುಭಾಗ ಕೆಂಪಾದ ಮೇಲೆ ಮರಕ್ಕೆ ಸುತ್ತುತ್ತಿದ್ದರು. ಆದರೆ ಬರೀ ಬಗ್ಗಿದ ಹಳಿಯನ್ನು ನೆಟ್ಟಗೆ ಮಾಡಬಹುದು. ತಿರುಚಿದರೆ ಮಾತ್ರ ಅದು ಕಾರ್ಖಾನೆಗೆ ಹೋಗಿ ಕರಗಲೇಬೇಕು. ಹಾಗಾಗಿ ಹಳಿಯನ್ನು ಹಿಡಿದು ತಿರುಚುವ ಕಬ್ಬಿಣದ ಕೊಕ್ಕೆಗಳನ್ನೇ ಮಾಡಿಸಿದರು.

ದಕ್ಷಿಣದವರೂ ಸುಮ್ನೆ ಕೂರಲಿಲ್ಲ. ಸೇತುವೆ ಸುಡುವುದು, ಹಳಿ ಕೀಳುವುದು ನಡೆದೇ ಇತ್ತು. ಆದರೆ ಮೆಕಲಮ್‌ನ ಜನ ಚಾಟಹೂಚಿ ನದಿಯ 780 ಅಡಿ ಉದ್ದದ ಸೇತುವೆಯನ್ನು ನಾಲ್ಕೂವರೆ ದಿನದಲ್ಲಿ ಮತ್ತೆ ಎಬ್ಬಿಸಿದರು.

ಸುಡಾನ್ ಮರುಭೂಮಿಯ ರೈಲ್ವೆ ಅಷ್ಟೊಂದು ಹೆಸರಾಗಿದ್ದು ಯಾಕೆ?

ನೀರಿಲ್ಲದ ಕಡೆ ಉಗಿಬಂಡಿ ಓಡಿಸಿದ್ದಕ್ಕೆ. 1896–98ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕಿಚನರ್ ಸುಡಾನ್ ಮೇಲೆ ದಂಡೆತ್ತಿ ಹೊರಟಿದ್ದ. ನೈಲ್ ನದಿ ಅಲ್ಲಿ ದೊಡ್ಡ ಸುತ್ತು ಹಾಕುತ್ತದೆ, ದಾರಿಯಲ್ಲಿ ಬಂಡೆಗಳ ಮೇಲೆ ಧುಮುಕುತ್ತದೆ, ದೋಣಿ ಹೋಗಲ್ಲ. ಆ ಸುತ್ತನ್ನು ತಪ್ಪಿಸಲು ವಾದಿ ಹಾಲ್ಫಾದಿಂದ ಅಬು ಹಮೆದ್‌ಗೆ ನೇರವಾಗಿ ಮರುಭೂಮಿಯ ಮೇಲೆ ಸುಮಾರು 230 ಮೈಲಿ ಹಳಿ ಹಾಕುವುದು ಅವನ ಯೋಚನೆ. ಅನುಭವಿಗಳು ಇದು ಹುಚ್ಚು ಅಂದರು.

ಕೆಲಸ ವಹಿಸಿಕೊಂಡವನು ಪರ್ಸಿ ಜಿರೂಆರ್, ಕೆನಡಾದವನು, ರಾಯಲ್ ಎಂಜಿನಿಯರ್ಸ್‌ನ ಕಿರಿಯ ಅಧಿಕಾರಿ, ಮೂವತ್ತು ತುಂಬಿತ್ತು ಅಷ್ಟೇ. 1897ರ ಜನವರಿಯಲ್ಲಿ ಶುರು, ಅಕ್ಟೋಬರ್ ಕೊನೆಗೆ ಹಳಿ ಅಬು ಹಮೆದ್ ಮುಟ್ಟಿತು.

ಅಲ್ಲಿನ ನೀರಿನ ಲೆಕ್ಕ ನೋಡಿ. ಹಾಲ್ಫಾದಿಂದ ಹೊರಟ ಎಂಜಿನ್ ಹೋಗಲು ನೀರು ಒಯ್ಯಬೇಕು, ವಾಪಸ್ ಬರಲೂ ಒಯ್ಯಬೇಕು, ಹಳಿಯ ತುದಿಯಲ್ಲಿ ಡೇರೆ ಹಾಕಿಕೊಂಡಿರುವ ಎರಡು ಸಾವಿರಕ್ಕೂ ಜಾಸ್ತಿ ಜನಕ್ಕೂ ಒಯ್ಯಬೇಕು. ಹಳಿ ಉದ್ದವಾದಷ್ಟೂ ನೀರು ಜಾಸ್ತಿ, ಸಾಮಾನಿಗೆ ಜಾಗ ಕಡಿಮೆ. ಒಂದು ಹಂತ ದಾಟಿದರೆ ರೈಲು ತನ್ನ ನೀರನ್ನು ಮಾತ್ರ ಹೊತ್ತು ತಿರುಗುತ್ತದೆ. ಪುಣ್ಯಕ್ಕೆ 77ನೇ ಮೈಲಿಯಲ್ಲಿ, 126ನೇ ಮೈಲಿಯಲ್ಲಿ ಬಾವಿ ತೋಡಿದಾಗ ನೀರು ಸಿಕ್ಕಿತು. ಬೇರೆ ಕಡೆ ತೋಡಿದಲ್ಲೆಲ್ಲ ಒಣ.

ಹಳಿ ಹಾಕಿದ ರೈಲ್ವೆ ಬೆಟಾಲಿಯನ್‌ನಲ್ಲಿ ಈಜಿಪ್ಟಿನ ರೈತರ ಮಕ್ಕಳು, ಸುಡಾನಿನ ಬೇರೆ ಬೇರೆ ಬುಡಕಟ್ಟಿನವರು, ಯುದ್ಧ ಕೈದಿಗಳು ಕೂಡ ಇದ್ದರು. ಹೆಚ್ಚಿನವರು ಅದಕ್ಕೆ ಮುಂಚೆ ರೈಲು ಕೆಲಸ ಮಾಡಿದವರಲ್ಲ. ಆಮೇಲಾಮೇಲೆ ಇವರೇ ಒಂದು ದಿನಕ್ಕೆ 3 ಮೈಲಿಯಷ್ಟು ಹಳಿ ಹಾಕಿದರು. ದಾರಿಯಲ್ಲಿ ಊರುಗಳೇ ಇಲ್ಲದ್ದರಿಂದ ನಿಲ್ದಾಣಗಳಿಗೆ ಹೆಸರಿನ ಬದಲು ನಂಬರ್ ಕೊಟ್ಟರು. 1898ರ ಸೆಪ್ಟೆಂಬರ್ 2ರಂದು ಓಮ್ದುರ್ಮಾನ್‌ನಲ್ಲಿ ಸಾವಿರಾರು ಸುಡಾನಿಗಳು ಸತ್ತರು. ಅಲ್ಲಿ ಸಿಡಿದ ಮದ್ದುಗುಂಡು ಆ ಮರುಭೂಮಿ ದಾಟಿ ಬಂದದ್ದು ಈ ಹಳಿಯ ಮೇಲೆಯೇ. ಕಟ್ಟಿದವರ ಕೌಶಲ ಮೆಚ್ಚುವಾಗ ಇದನ್ನೂ ನೆನೆಯಬೇಕು.

ಜಿರೂಆರ್ ಮುಂದೆ ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ರೈಲ್ವೆ ನೋಡಿಕೊಂಡ. ಅಲ್ಲೂ ಅದೇ ಹಾಪ್ಟ್‌ನ ಜಗಳ! ಸೇನಾಧಿಕಾರಿಗಳಿಗೂ ರೈಲ್ವೆ ನೌಕರರಿಗೂ ನಡುವೆ ಪ್ರತ್ಯೇಕ ಅಧಿಕಾರಿಗಳನ್ನು ಇಟ್ಟ. ಸೈನ್ಯ ಏನು ಬೇಕು ಅಂತ ಹೇಳಬೇಕು, ಹೇಗೆ ಓಡಿಸಬೇಕು ಅಂತ ಹೇಳಬಾರದು.

ಮೊದಲ ಮಹಾಯುದ್ಧದ ಪುಟಾಣಿ ರೈಲುಗಳು ಯಾವುವು?

60 ಸೆಂಟಿಮೀಟರ್ ಗೇಜ್‌ನವು, ಅಂದರೆ ಎರಡು ಹಳಿಗಳ ನಡುವಿನ ಅಂತರ ಅಷ್ಟೇ. ಉಕ್ಕಿನ ಸ್ಲೀಪರ್ ಸಮೇತ ಜೋಡಿಸಿಟ್ಟ ಹಳಿಯ ತುಂಡುಗಳನ್ನು ಜನ ಕೈಯಲ್ಲೇ ಹೊತ್ತು ತಂದು, ಒಂದರ ತುದಿಗೆ ಒಂದು ಸಿಕ್ಕಿಸುತ್ತಾ ಹೋಗುತ್ತಿದ್ದರು. ಫ್ರೆಂಚರು, ಜರ್ಮನ್ನರು ಇದಕ್ಕೆ ಮೊದಲೇ ತಯಾರಾಗಿದ್ದರು. ಬ್ರಿಟಿಷರು ಲಾರಿ, ಕುದುರೆ ಸಾಕು ಅಂದುಕೊಂಡಿದ್ದರು. 1916ರ ಸೊಮ್ ಕದನದಲ್ಲಿ ರಸ್ತೆಗಳು ಕೆಸರಾಗಿ ಎಲ್ಲ ಕಟ್ಟಿಹೋದ ಮೇಲೆ ಎರಿಕ್ ಗೆಡ್ಡೆಸ್ ಅನ್ನುವ ರೈಲ್ವೆ ಮ್ಯಾನೇಜರ್‌ನನ್ನು ಕರೆಸಿದರು. ಇಲ್ಲೂ ರೈಲ್ವೆಯವನೇ ಬರಬೇಕಾಯಿತು.

ಮುಂಚೂಣಿಯ ಹತ್ತಿರ ಉಗಿಬಂಡಿ ಬಿಡುವಂತಿರಲಿಲ್ಲ. ಹಗಲು ಹೊಗೆ ಕಾಣುತ್ತದೆ, ರಾತ್ರಿ ಒಲೆಯ ಬೆಳಕು ಕಾಣುತ್ತದೆ, ಎರಡಕ್ಕೂ ತೋಪಿನ ಉತ್ತರ ಬರುತ್ತದೆ. ಹಾಗಾಗಿ ಕೊನೆಯ ಕೆಲವು ಮೈಲಿ ಪೆಟ್ರೋಲ್‌ನ ಸಿಂಪ್ಲೆಕ್ಸ್ ಟ್ರ್ಯಾಕ್ಟರ್‌ಗಳು ಎಳೆದವು. ದೀಪ ಇಲ್ಲದೆ, ಕತ್ತಲಲ್ಲಿ, ಹಿಂದೆ ಶೆಲ್ ತುಂಬಿದ ವ್ಯಾಗನ್, ಮುಂದೆ ಹಳಿ ಇದೆಯೋ ಇಲ್ಲವೋ ಗೊತ್ತಿಲ್ಲ. ಇದನ್ನು ರಾತ್ರಿ ಮೇಲೆ ರಾತ್ರಿ ಮಾಡಿದ ಹುಡುಗರ ಧೈರ್ಯಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮಿಲಿಟರಿ ರೈಲ್ವೆಯಿಂದ ಜನಸಾಮಾನ್ಯರಿಗೆ ಏನಾದರೂ ಸಿಕ್ಕಿತಾ?

ಒಂದು ಉದಾಹರಣೆ ಸಾಕು. 1903ರಲ್ಲಿ ಬರ್ಲಿನ್ ಹತ್ತಿರದ ಮರೀನ್‌ಫೆಲ್ಡೆ–ಝೊಸ್ಸೆನ್ ನಡುವೆ ವಿದ್ಯುತ್ ರೈಲು ಗಂಟೆಗೆ 210 ಕಿ.ಮೀ. ವೇಗ ಮುಟ್ಟಿತು. ಅದು ಪ್ರಷ್ಯಾದ ಮಿಲಿಟರಿ ರೈಲ್ವೆಯ ಹಳಿ.

ಕರ್ನಾಟಕಕ್ಕೆ ಇದರಲ್ಲಿ ಏನಾದರೂ ನಂಟು ಇದೆಯಾ?

ಇದೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) 1885ರಲ್ಲಿ ಸುಡಾನಿನ ಸುವಾಕಿನ್‌ಗೆ ಹೋಗಿದ್ದರು. ಅಲ್ಲಿಂದ ಬರ್ಬರ್‌ಗೆ ರೈಲು ಹಾಕುವ ಯೋಜನೆ ಇತ್ತು, ಸುಮಾರು 20 ಮೈಲಿ ಆದ ಮೇಲೆ ಕೈಬಿಟ್ಟರು. ಅದೇ ದಂಡಯಾತ್ರೆಯಲ್ಲಿ ಟೋಫ್ರೆಕ್ ಅನ್ನುವಲ್ಲಿ ಮಾರ್ಚ್ 22ರಂದು ಸ್ಯಾಪರ್ಸ್‌ನ ಒಂದು ಕಂಪನಿ ಹಠಾತ್ ದಾಳಿಯನ್ನು ಎದುರಿಸಿ ಹೋರಾಡಿತು.

ಇನ್ನು ಮೈಸೂರು ಲ್ಯಾನ್ಸರ್ಸ್, ಮೈಸೂರು ಸಂಸ್ಥಾನದ ಕುದುರೆ ಸವಾರರ ದಳ. 1918ರ ಸೆಪ್ಟೆಂಬರ್ 23ರಂದು ಇವರೂ ಜೋಧಪುರದವರೂ ಸೇರಿ ಹೈಫಾ ಗೆದ್ದ ಕಥೆ ನಿಮಗೆ ಗೊತ್ತಿರುತ್ತೆ. ಆ ಹೈಫಾ ಹೆಜಾಜ್ ರೈಲ್ವೆಯ ಕವಲು ಮಾರ್ಗದ ಕೊನೆಯ ನಿಲ್ದಾಣ. ಡಮಾಸ್ಕಸ್‌ನಿಂದ ಮದೀನಾವರೆಗಿನ ಸುಮಾರು 1,300 ಕಿ.ಮೀ. ಹೆಜಾಜ್ ಮಾರ್ಗವನ್ನು 1900ರಿಂದ 1908ರವರೆಗೆ ಕಟ್ಟಿದ್ದು ಹೆಚ್ಚಾಗಿ ಟರ್ಕಿಯ ಸೈನಿಕರೇ. ಬ್ರಿಟಿಷರ ಕಡೆಯಿಂದ ಕಾಂಟಾರಾದಿಂದ ಸಿನಾಯ್ ಮರುಭೂಮಿ ದಾಟಿ ಬಂದ ಇನ್ನೊಂದು ಮಿಲಿಟರಿ ರೈಲ್ವೆ ಇತ್ತು, ಪಕ್ಕದಲ್ಲೇ ಕುಡಿಯುವ ನೀರಿನ ಪೈಪ್ ಕೂಡ. ನಮ್ಮ ಕುದುರೆ ಸವಾರರು ಸಿನಾಯ್ ದಾಟಿ ಅಷ್ಟು ದೂರ ಹೋಗಲು ಆದದ್ದು ಅದರಿಂದ.

ಅಮೆರಿಕನ್ ಸೈನಿಕರು ಭಾರತದಲ್ಲಿ ರೈಲು ಓಡಿಸಿದ್ದು ನಿಜವೇ?

ಹೌದು, ಅಸ್ಸಾಮಿನಲ್ಲಿ. 1944ರ ಮಾರ್ಚ್ 1ರಿಂದ ಬೆಂಗಾಲ್ ಅಂಡ್ ಅಸ್ಸಾಂ ರೈಲ್ವೆಯ ಕತಿಹಾರ್–ಲೇಡೋ ನಡುವಿನ 804 ಮೈಲಿ ಮೀಟರ್ ಗೇಜ್ ಮಾರ್ಗವನ್ನು ಅಮೆರಿಕದ ಮಿಲಿಟರಿ ರೈಲ್ವೆ ಸರ್ವಿಸ್ ನಡೆಸಿತು. ಚಹಾ ಸಾಗಿಸಲು ಹಾಕಿದ್ದ ಹಳಿ ಅದು. ಈಗ ಅದರ ಮೇಲೆ ಚೀನಾಕ್ಕೆ ಹಿಮಾಲಯ ದಾಟುವ ವಿಮಾನಗಳ ಇಂಧನ, ಲೇಡೋದಿಂದ ಚೀನಾ ಕಡೆಗೆ ಹಾಕುತ್ತಿದ್ದ ಲೇಡೋ ರಸ್ತೆಯ ಯಂತ್ರಗಳು, ಇಂಫಾಲ ಕಡೆಯ ಸೈನ್ಯದ ಊಟ, ಎಲ್ಲ ಹೋಗಬೇಕಿತ್ತು. ಬ್ರಹ್ಮಪುತ್ರಕ್ಕೆ ಸೇತುವೆ ಇರಲಿಲ್ಲ. ಅಮೀನ್‌ಗಾಂವ್‌ನಿಂದ ಪಾಂಡುವಿಗೆ ವ್ಯಾಗನ್‌ಗಳನ್ನು ದೊಡ್ಡ ದೋಣಿಗಳ ಮೇಲೆ ಹತ್ತಿಸಿ ದಾಟಿಸುತ್ತಿದ್ದರು. ಭಾರತ ಸರ್ಕಾರ ಮಾರ್ಗವನ್ನು ಬಿಟ್ಟುಕೊಡಲು ಮೊದಮೊದಲು ಒಪ್ಪಿರಲಿಲ್ಲ.

ಬಂದ ಸೈನಿಕರು ನಿಜವಾದ ರೈಲ್ವೆ ಜನ. ಅಮೆರಿಕದಲ್ಲಿ ಒಂದೊಂದು ರೈಲ್ವೆ ಕಂಪನಿ ಒಂದೊಂದು ಬೆಟಾಲಿಯನ್‌ಗೆ ತನ್ನವರನ್ನು ಕೊಟ್ಟಿತ್ತು. 721ನೇ ಬೆಟಾಲಿಯನ್ ನ್ಯೂಯಾರ್ಕ್ ಸೆಂಟ್ರಲ್‌ನವರದು. ಅಲ್ಲಿ ಮೀಟರ್ ಗೇಜ್‌ಗಿಂತ ಅಗಲವಾದ ಸ್ಟ್ಯಾಂಡರ್ಡ್ ಗೇಜ್, ಏರ್ ಬ್ರೇಕ್. ಇಲ್ಲಿ ಮೀಟರ್ ಗೇಜ್, ವ್ಯಾಕ್ಯೂಮ್ ಬ್ರೇಕ್, ಮಳೆಗಾಲ, ಮಲೇರಿಯಾ. ಅವರು ಕೆಲಸಕ್ಕೆ ಕೈಹಾಕಿದ ತಿಂಗಳಲ್ಲೇ ಜಪಾನಿಯರು ಇಂಫಾಲ, ಕೊಹಿಮಾ ಕಡೆ ನುಗ್ಗಿದರು. ಕೊಹಿಮಾದಿಂದ ದೀಮಾಪುರದ ಸ್ಟೇಷನ್‌ಗೆ 46 ಮೈಲಿ ಅಷ್ಟೇ. ಆ ಸ್ಟೇಷನ್ ಹೋಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ಮಾರ್ಗ ಮಾತ್ರ ನಿಲ್ಲಲಿಲ್ಲ, ಸಾಗಿಸಿದ ಸಾಮಾನು ಜಾಸ್ತಿಯೇ ಆಯಿತು.

ಆದರೆ ಕೀರ್ತಿ ಅಷ್ಟೂ ಅಮೆರಿಕನ್ನರದ್ದು ಅಂದರೆ ನಾನು ಒಪ್ಪಲ್ಲ. ಭಾರತದ ಸ್ಟೇಷನ್ ಮಾಸ್ಟರ್‌ಗಳು, ಪಾಯಿಂಟ್ಸ್‌ಮನ್‌ಗಳು, ಫೈರ್‌ಮನ್‌ಗಳು ಅಲ್ಲೇ ಇದ್ದರು, ದುಡಿಯುತ್ತಲೇ ಇದ್ದರು. ಯುದ್ಧಕ್ಕೆ ಅಮೆರಿಕದಿಂದ ಬಂದ ಮ್ಯಾಕ್‌ಆರ್ಥರ್ ಅನ್ನುವ ಉಗಿ ಎಂಜಿನ್‌ಗಳನ್ನು ಯುದ್ಧ ಮುಗಿದ ಮೇಲೂ ದಶಕಗಳ ಕಾಲ ನಮ್ಮವರೇ ಓಡಿಸಿದರು.

ಬರ್ಮಾದ "ಸಾವಿನ ರೈಲ್ವೆ" ಕೂಡ ಮಿಲಿಟರಿ ರೈಲ್ವೆಯೇ?

ಹೌದು. ಅದನ್ನು ಈ ಪಟ್ಟಿಯಿಂದ ಬಿಡಬಾರದು. 1942–43ರಲ್ಲಿ ಥಾಯ್ಲೆಂಡ್‌ನಿಂದ ಬರ್ಮಾಕ್ಕೆ 415 ಕಿ.ಮೀ. ಹಳಿ ಹಾಕಿಸಿದವರು ಜಪಾನಿನ 5ನೇ ಮತ್ತು 9ನೇ ರೈಲ್ವೆ ರೆಜಿಮೆಂಟ್‌ಗಳು. ಅವರೂ ನುರಿತ ರೈಲ್ವೆ ಸೈನಿಕರೇ. ದುಡಿದವರು 60,000ಕ್ಕೂ ಜಾಸ್ತಿ ಯುದ್ಧ ಕೈದಿಗಳು, ಅವರಲ್ಲಿ 12,000ಕ್ಕೂ ಜಾಸ್ತಿ ಜನ ಸತ್ತರು. ಏಷ್ಯಾದ ಕೂಲಿಗಳು ಇನ್ನೂ ಎಷ್ಟೋ ಪಟ್ಟು ಇದ್ದರು, ಸತ್ತವರೂ ಹಾಗೆಯೇ. ಮಲಯಾದ ರಬ್ಬರ್ ತೋಟಗಳಿಂದ ಎಳೆದು ತಂದ ದಕ್ಷಿಣ ಭಾರತದವರು, ಅದರಲ್ಲೂ ತಮಿಳರು, ಅವರಲ್ಲಿ ತುಂಬಾ ಜನ. ಕೈದಿಗಳಿಗೆ ಸಾಲುಸಾಲು ಸಮಾಧಿಗಳಿವೆ. ಈ ಕೂಲಿಗಳಿಗೆ ಹೆಚ್ಚಿನ ಕಡೆ ಒಂದು ಕಲ್ಲೂ ಇಲ್ಲ.

ಈಗಲೂ ರೈಲ್ವೆ ಸೈನಿಕರು ಇದ್ದಾರಾ?

ರಷ್ಯಾದಲ್ಲಿ ದೊಡ್ಡ ಪಡೆಯೇ ಇದೆ. ಬ್ರಿಟನ್ನಿನ ಲಾಂಗ್‌ಮೂರ್ ತರಬೇತಿ ರೈಲ್ವೆ 1969ರಲ್ಲಿ ಮುಚ್ಚಿತು. ನಮ್ಮಲ್ಲಿ ಟೆರಿಟೋರಿಯಲ್ ಆರ್ಮಿಯ ರೈಲ್ವೆ ಎಂಜಿನಿಯರ್ ರೆಜಿಮೆಂಟ್‌ಗಳು ಇದ್ದವು, ರೈಲ್ವೆ ನೌಕರರೇ ಅದರಲ್ಲಿ ಸೈನಿಕರು. ಈಚೆಗೆ ಅವನ್ನು ತುಂಬಾ ಕಡಿಮೆ ಮಾಡಿದ್ದಾರೆ. ದೊಡ್ಡ ಸ್ಟೇಷನ್‌ಗಳಲ್ಲಿ ಎಂಸಿಒ ಅಂತ ಬೋರ್ಡ್ ನೋಡಿರುತ್ತೀರಿ ಅಲ್ವಾ? ಸೈನ್ಯದ ಓಡಾಟವನ್ನು ರೈಲ್ವೆಯ ಜೊತೆ ಹೊಂದಿಸುವ ಕಚೇರಿ ಅದು.

ಸಮವಸ್ತ್ರ ಇಲ್ಲದವರನ್ನೂ ಹೇಳಬೇಕು. 1965ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಗಡ್ರಾ ರೋಡ್ ಹತ್ತಿರ, ಬಾಂಬ್ ಬಿದ್ದು ಹಾಳಾದ ಹಳಿ ಸರಿಮಾಡಿ ಸೈನ್ಯಕ್ಕೆ ಸಾಮಾನು ಮುಟ್ಟಿಸುವ ಕೆಲಸದಲ್ಲಿ 17 ರೈಲ್ವೆ ನೌಕರರು ಪ್ರಾಣ ಕೊಟ್ಟರು. ಅಲ್ಲಿ ಸ್ಮಾರಕ ಇದೆ, ಪ್ರತಿ ವರ್ಷ ಸೆಪ್ಟೆಂಬರ್ 9ರಂದು ರೈಲ್ವೆಯವರು ಸೇರುತ್ತಾರೆ.

ನಮ್ಮ ಅಜ್ಜ ರೈಲ್ವೆಯಿಂದ ಯುದ್ಧಕ್ಕೆ ಹೋಗಿದ್ದರಂತೆ. ವಿವರ ಎಲ್ಲಿ ಹುಡುಕಲಿ?

ಮೊದಲು ಮನೆಯ ಟ್ರಂಕ್ ನೋಡಿ. ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಮೆಡಲ್ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಮಹಾಯುದ್ಧದ ಮೆಡಲ್‌ಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ತುಕಡಿ ಕೊರೆದಿರುತ್ತದೆ. ಪಾಲಿಶ್ ಹಾಕಬೇಡಿ, ಅಕ್ಷರ ಸವೆಯುತ್ತದೆ. ಯುದ್ಧದಲ್ಲಿ ತೀರಿಹೋದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಹೆಸರಿನ ಕಾಗುಣಿತವನ್ನು ನಾಲ್ಕೈದು ರೀತಿ ಬದಲಿಸಿ ನೋಡಿ. ಅವರು ಸ್ಯಾಪರ್ಸ್‌ನಲ್ಲಿದ್ದರೆ ಬೆಂಗಳೂರಿನಲ್ಲೇ ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂ ಇದೆ. ಅದು ಸೈನ್ಯದ ಆವರಣದ ಒಳಗೆ ಇರುವುದರಿಂದ ಮೊದಲೇ ಅನುಮತಿ ಕೇಳಿಕೊಂಡು, ಸಿಕ್ಕ ಕಾಗದಗಳ ನಕಲು ತಗೊಂಡು ಹೋಗಿ.